ಜಪಾನ್‌ಗೆ ಹೋದಾಗ ಕ್ಯಾಮೆರಾ ತರಬಹುದಾ? ಬಾಡಿ ಬಿಡಿ, ಲೆನ್ಸ್ ನೋಡಿ

ಪ್ರಶ್ನೆ: ನನ್ನ ಹತ್ತಿರ ಸೋನಿ ಎ7 ಮಾರ್ಕ್ 3 ಇದೆ. ಲೆನ್ಸ್ ಅಂತ ಇರುವುದು ಕ್ಯಾಮೆರಾ ಜೊತೆ ಕಿಟ್‌ನಲ್ಲಿ ಬಂದ 28-70 ಎಂಎಂ ಜೂಮ್ ಒಂದೇ. ಹತ್ತು ದಿನದ ಜಪಾನ್ ಪ್ರವಾಸಕ್ಕೆ ಹೊರಟಿದ್ದೇನೆ. ಮೊದಲು ಟೋಕಿಯೊ, ಆಮೇಲೆ ಕ್ಯೋಟೊ, ಒಸಾಕಾ, ಕೊನೆಗೆ ಮತ್ತೆ ಟೋಕಿಯೊಗೆ ಬಂದು ವಿಮಾನ ಹತ್ತುವುದು. ಅಲ್ಲಿ ಕ್ಯಾಮೆರಾ ಅಗ್ಗ, ತೆರಿಗೆಯನ್ನೂ ಬಿಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಎ7 ಮಾರ್ಕ್ 4 ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಮತ್ತು ಜನರ ಫೋಟೊ ತೆಗೆಯಲು ಒಂದು ಒಳ್ಳೆಯ ಲೆನ್ಸ್ ತರುವ ಆಸೆ. ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಆದರೆ ಮೋಸ ಹೋಗುತ್ತೇನೇನೋ ಅನ್ನುವ ಭಯ. ಶಾಪಿಂಗ್‌ಗೆ ಕೊನೆಯ ದಿನ ಇಟ್ಟುಕೊಂಡಿದ್ದೇನೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಪ್ಲಾನ್‌ನಲ್ಲಿ ಎರಡು ವಿಷಯ ಬದಲಾಯಿಸಿ. ಬಾಡಿಯ ಆಸೆ ಸದ್ಯಕ್ಕೆ ಬಿಟ್ಟು ಲೆನ್ಸ್ ಮಾತ್ರ ತನ್ನಿ. ಅಂಗಡಿಗೆ ಕೊನೆಯ ದಿನ ಹೋಗಬೇಡಿ, ಟೋಕಿಯೊ ತಲುಪಿದ ಮರುದಿನವೇ ಹೋಗಿ. ಎರಡಕ್ಕೂ ಕಾರಣ ಹೇಳುತ್ತೇನೆ.

ಮೊದಲು ಬಾಡಿ. ಜಪಾನ್ ಮಾರುಕಟ್ಟೆಗೆ ಅಂತ ಸೋನಿ ಮಾಡುವ ಕ್ಯಾಮೆರಾಗಳಲ್ಲಿ ಮೆನು ಜಪಾನೀ ಭಾಷೆಯಲ್ಲಿ ಮಾತ್ರ ಇರುತ್ತದೆ. ಭಾಷೆ ಬದಲಾಯಿಸುವ ಆಯ್ಕೆಯೇ ಇರುವುದಿಲ್ಲ. ಮನೆಗೆ ಬಂದು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದರೂ ಇಂಗ್ಲಿಷ್ ಬರುವುದಿಲ್ಲ. ಬದಲಾಯಿಸಿ ಕೊಡುತ್ತೇವೆ ಅನ್ನುವ ಅನಧಿಕೃತ ದಾರಿಗಳಿವೆ. ಹೊಸ ಕ್ಯಾಮೆರಾದ ಮೇಲೆ ಅಂಥ ಪ್ರಯೋಗ ಖಂಡಿತ ಬೇಡ. ಪ್ಯಾನಾಸೋನಿಕ್‌ನ ಹಲವು ಮಾದರಿಗಳೂ ಹೀಗೇ. ಬೇರೆ ಕಂಪನಿಗಳ ಹೊಸ ಬಾಡಿಗಳಲ್ಲೂ ಭಾಷೆ ಕಡಿಮೆ ಮಾಡುವುದು ಈಚೆಗೆ ಶುರುವಾಗಿದೆ. ಹಾಗಾಗಿ ಯಾವ ಕಂಪನಿಯದಾದರೂ ಸರಿ, ಅಂಗಡಿಯಲ್ಲೇ ಆನ್ ಮಾಡಿಸಿ, ಭಾಷೆಯ ಪಟ್ಟಿ ತೆರೆದು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ.

"ನನಗೆ ಸೋನಿ ಮೆನು ಅಭ್ಯಾಸ ಇದೆ, ಜಾಗ ನೋಡಿಕೊಂಡೇ ಒತ್ತುತ್ತೇನೆ" ಅಂತ ನಿಮಗೆ ಅನಿಸಬಹುದು. ನಿಮ್ಮ ವಿಷಯದಲ್ಲಿ ಅದು ನಡೆಯುವುದಿಲ್ಲ. 2020ರಲ್ಲಿ ಬಂದ ಎ7ಎಸ್ ಮಾರ್ಕ್ 3ರಿಂದ ಸೋನಿ ಮೆನುವನ್ನು ಪೂರ್ತಿ ಬೇರೆ ರೀತಿ ಜೋಡಿಸಿದೆ. 2021ರ ಎ7 ಮಾರ್ಕ್ 4ರಲ್ಲಿ ಇರುವುದೂ ಆ ಹೊಸ ಮೆನುವೇ. ನಿಮ್ಮ ಕೈಗೆ ಅಭ್ಯಾಸ ಆಗಿರುವುದು ಹಳೆಯದು.

ಹಲವು ಭಾಷೆ ಇರುವ ವಿದೇಶಿ ಆವೃತ್ತಿಯನ್ನು ಟೋಕಿಯೊದ ಕೆಲವು ಅಂಗಡಿಗಳು ಪ್ರವಾಸಿಗರಿಗಾಗಿಯೇ ಇಟ್ಟುಕೊಂಡಿರುತ್ತವೆ. ಆದರೆ ಅದರ ಬೆಲೆ ಸಾಮಾನ್ಯವಾಗಿ ಜಪಾನೀ ಆವೃತ್ತಿಗಿಂತ ಜಾಸ್ತಿ. ಆ ಬೆಲೆಯನ್ನು ನಿಮ್ಮ ಊರಿನ ಬೆಲೆ ಜೊತೆ ಹೋಲಿಸಿದರೆ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅದರ ಮೇಲೆ ವಾರಂಟಿಯ ಪ್ರಶ್ನೆ. ಜಪಾನ್ ಒಳಗೆ ಮಾರುವ ಬಾಡಿಗಳ ವಾರಂಟಿ ಬಹುಪಾಲು ಜಪಾನ್ ಒಳಗೆ ಮಾತ್ರ ನಡೆಯುತ್ತದೆ. ಸೆನ್ಸರ್, ಶಟರ್, ಸ್ಕ್ರೀನ್, ಹತ್ತಾರು ಬಟನ್ ಇರುವ ವಸ್ತು ಅದು. ಎರಡನೇ ತಿಂಗಳಿಗೇ ಕೈಕೊಟ್ಟರೆ ಕೊರಿಯರ್ ಖರ್ಚಿನಲ್ಲಿ ಉಳಿತಾಯವೆಲ್ಲ ಹೋಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಿಮಗೆ ಈಗ ಹೊಸ ಬಾಡಿಯ ಅಗತ್ಯ ಇದ್ದಂತೆ ನನಗೆ ಕಾಣುವುದಿಲ್ಲ. ಎ7 ಮಾರ್ಕ್ 3ರಲ್ಲಿ 24 ಮೆಗಾಪಿಕ್ಸೆಲ್, ಮಾರ್ಕ್ 4ರಲ್ಲಿ 33. ಜನರ ಫೋಟೊದಲ್ಲಿ ಆ ವ್ಯತ್ಯಾಸ ಕಾಣುವುದು ಕಷ್ಟ. ನಿಮ್ಮನ್ನು ಹಿಡಿದಿಟ್ಟಿರುವುದು ಆ 28-70 ಲೆನ್ಸ್. 70 ಎಂಎಂಗೆ ಹೋದಾಗ ಅದು ಎಫ್ 5.6ಕ್ಕಿಂತ ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು. ಎಫ್ 1.8ರ ಒಂದು 85 ಎಂಎಂ ಲೆನ್ಸ್ ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಂಜೆ ಹೊತ್ತು, ಮನೆಯೊಳಗೆ, ಮದುವೆ ಮನೆಯ ಮೂಲೆಯಲ್ಲಿ ತೆಗೆದ ಮೊದಲ ಚಿತ್ರದಲ್ಲೇ ನಿಮಗೆ ಅದು ಗೊತ್ತಾಗುತ್ತದೆ.

ಲೆನ್ಸ್‌ಗೆ ಮೆನು ಇಲ್ಲ, ಭಾಷೆ ಇಲ್ಲ. ಜಪಾನ್‌ನಲ್ಲಿ ತಗೊಂಡ ಸೋನಿ ಇ ಮೌಂಟ್ (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆ) ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ ಯಾವ ತಕರಾರೂ ಇಲ್ಲದೆ ಕೂರುತ್ತದೆ. ಹೊಸ ಸಾಮಾನಿನ ಬೆಲೆಯನ್ನು ಕಂಪನಿಗಳು ಒಂದೊಂದು ದೇಶಕ್ಕೆ ಒಂದೊಂದು ರೀತಿ ಇಡುತ್ತವೆ. ಹಾಗಾಗಿ "ಜಪಾನ್ ಅಂದರೆ ಅಗ್ಗ" ಅನ್ನುವುದು ಎಲ್ಲದಕ್ಕೂ ಒಪ್ಪುವ ಮಾತಲ್ಲ. ಜಪಾನ್‌ನ ನಿಜವಾದ ಬಲ ಇರುವುದು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ. ಕ್ಯಾನನ್, ನಿಕಾನ್, ಸೋನಿ, ಫ್ಯೂಜಿಫಿಲ್ಮ್, ಪೆಂಟಾಕ್ಸ್, ಸಿಗ್ಮಾ, ಟ್ಯಾಮ್ರಾನ್ ಎಲ್ಲ ಅಲ್ಲಿನ ಕಂಪನಿಗಳೇ. ಜನ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಗೊಳ್ಳುತ್ತಲೇ ಇರುತ್ತಾರೆ. ಅಂಗಡಿಯವರು ಬಂದ ಸಾಮಾನನ್ನು ಪರೀಕ್ಷಿಸಿ, ಒರೆಸಿ, ದರ್ಜೆ ಬರೆದ ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಒಂದೇ ಲೆನ್ಸ್‌ನ ಐದಾರು ಪ್ರತಿಗಳನ್ನು ಒಂದೇ ಕಡೆ ಸಾಲಾಗಿ ನೋಡುವ ಅವಕಾಶ ಬೇರೆ ಕಡೆ ಅಪರೂಪ.

ನಿಮ್ಮ ಕೆಲಸಕ್ಕೆ ಎರಡು ಹೆಸರು ಹೇಳುತ್ತೇನೆ. ಸೋನಿಯ ಎಫ್‌ಇ 85 ಎಂಎಂ ಎಫ್ 1.8. 2017ರದು, ತೂಕ 371 ಗ್ರಾಂ, ಬೇಕಾದಷ್ಟು ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಪ್ರವಾಸದಲ್ಲಿ ದಿನವಿಡೀ ಹೊತ್ತರೂ ಭಾರ ಅನಿಸುವುದಿಲ್ಲ. ಇನ್ನೊಂದು ಸಿಗ್ಮಾದ 85 ಎಂಎಂ ಎಫ್ 1.4 ಡಿಜಿ ಡಿಎನ್ ಆರ್ಟ್. 2020ರದು, ಸುಮಾರು 630 ಗ್ರಾಂ. ಸಿಗ್ಮಾ ಲೆನ್ಸ್‌ಗಳು ತಯಾರಾಗುವುದು ಫುಕುಶಿಮಾ ಪ್ರಾಂತ್ಯದ ಐಜು ಕಾರ್ಖಾನೆಯಲ್ಲಿ. ನನ್ನನ್ನು ಕೇಳಿದರೆ ಮೊದಲ ಪೋರ್ಟ್ರೇಟ್ ಲೆನ್ಸ್ ಆಗಿ ಸೋನಿ 1.8 ಸಾಕು. ಹಗುರ ಇರುವ ಲೆನ್ಸ್ ಚೀಲದಿಂದ ಜಾಸ್ತಿ ಸಲ ಹೊರಗೆ ಬರುತ್ತದೆ.

ಈಗ ಅಂಗಡಿಗಳು. ಒಂದು ದಿನದಲ್ಲಿ ಟೋಕಿಯೊ ಪೂರ್ತಿ ಸುತ್ತಬೇಡಿ. ಶಿಂಜುಕು ಮತ್ತು ನಕಾನೊ ಸಾಕು. ಶಿಂಜುಕು ಸ್ಟೇಷನ್ನಿನ ಪಶ್ಚಿಮ ದಿಕ್ಕಿನಲ್ಲಿ ಯೊದೊಬಾಶಿ ಕ್ಯಾಮೆರಾ ಇದೆ. ಅದು ಮುಖ್ಯವಾಗಿ ಹೊಸ ಸಾಮಾನಿನ ದೊಡ್ಡ ಅಂಗಡಿ. ಅಲ್ಲಿಗೆ ಹೋಗಿ ಪ್ರದರ್ಶನಕ್ಕೆ ಇಟ್ಟ 85 ಲೆನ್ಸ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ. ತೂಕ, ರಿಂಗ್ ತಿರುಗುವ ರೀತಿ ಗೊತ್ತಾಗುತ್ತದೆ. ಅಲ್ಲಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲೇ ಮ್ಯಾಪ್ ಕ್ಯಾಮೆರಾ ಇದೆ. ಸೆಕೆಂಡ್‌ಹ್ಯಾಂಡ್‌ಗೆ ಹೆಸರಾದ ಅಂಗಡಿ. ಸ್ಟೇಷನ್ನಿನ ಪೂರ್ವ ದಿಕ್ಕಿನಲ್ಲಿ 2020ರಲ್ಲಿ ತೆರೆದ ಕಿತಾಮುರಾದ ಬಹುಮಹಡಿ ಅಂಗಡಿ ಇದೆ. ಆಮೇಲೆ ಚುವೊ ಲೈನ್‌ನ ರ‍್ಯಾಪಿಡ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ನಕಾನೊ. ಅಲ್ಲಿ ಫುಜಿಯಾ ಕ್ಯಾಮೆರಾ. ಇವಿಷ್ಟರಲ್ಲಿ ನಿಮಗೆ ಬೇಕಾದ ಲೆನ್ಸ್ ಸಿಗದಿದ್ದರೆ ಆಶ್ಚರ್ಯವೇ. ಹೋಗುವ ಮೊದಲು ಕಕಾಕು ಡಾಟ್ ಕಾಮ್‌ನಲ್ಲಿ ಆ ಲೆನ್ಸ್‌ನ ಹೊಸ ಬೆಲೆ ನೋಡಿಟ್ಟುಕೊಳ್ಳಿ. ಜಪಾನಿನವರೇ ಬೆಲೆ ಹೋಲಿಸಲು ಬಳಸುವ ತಾಣ ಅದು. ಹೊಸದಕ್ಕೂ ಸೆಕೆಂಡ್‌ಹ್ಯಾಂಡ್‌ಗೂ ಅಂತರ ತೀರಾ ಕಡಿಮೆ ಇದ್ದರೆ ಸುಮ್ನೆ ಹೊಸದನ್ನೇ ತಗೊಳ್ಳಿ.

ಚೌಕಾಸಿ ಅಲ್ಲಿ ನಡೆಯುವುದಿಲ್ಲ. ಚೀಟಿಯ ಮೇಲಿರುವುದೇ ಬೆಲೆ. ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ. ಅದಕ್ಕೇ ತಗೊಳ್ಳುವ ಮುಂಚೆಯೇ ನಿಧಾನವಾಗಿ ನೋಡಬೇಕು.

ಚೀಟಿಯ ಮೇಲಿನ ಪದಗಳನ್ನು ಕಲಿತುಕೊಂಡರೆ ಅರ್ಧ ಕೆಲಸ ಮುಗಿಯಿತು. ಫೋನಿನ ಅನುವಾದ ಆ್ಯಪ್ ಓದಿ ಹೇಳುತ್ತದೆ, ಆದರೆ ಈ ಪದಗಳ ತೂಕ ಅದಕ್ಕೆ ಗೊತ್ತಿಲ್ಲ. ಚೂಕೊ ಅಂದರೆ ಬಳಸಿದ್ದು. ಶಿನ್‌ಪಿನ್ ಅಂದರೆ ಹೊಚ್ಚ ಹೊಸದು. ಬಳಸಿದ್ದರಲ್ಲಿ ಎಲ್ಲಕ್ಕಿಂತ ಮೇಲೆ ಶಿಂದೋಹಿನ್, ಹೊಸದರ ಹಾಗೇ ಇರುವುದು. ಅದರ ಕೆಳಗೆ ಬಿಹಿನ್, ಚೆನ್ನಾಗಿ ಇಟ್ಟುಕೊಂಡದ್ದು. ಆಮೇಲೆ ರ‍್ಯೋಹಿನ್, ಬಳಸಿದ ಗುರುತು ಕಾಣುತ್ತದೆ ಆದರೆ ಸರಿಯಾಗಿದೆ. ಅದಕ್ಕೂ ಕೆಳಗೆ ನಮಿಹಿನ್, ಚೆನ್ನಾಗಿ ದುಡಿದದ್ದು. ನನ್ನ ಅನುಭವದಲ್ಲಿ ದುಡ್ಡಿಗೆ ತಕ್ಕ ಸಾಮಾನು ಸಿಗುವುದು ರ‍್ಯೋಹಿನ್ ದರ್ಜೆಯಲ್ಲಿ. ಹೊರಗೆ ಒಂದೆರಡು ಗೀರು ಇರುತ್ತದೆ, ಗಾಜು ಸ್ವಚ್ಛವಾಗಿರುತ್ತದೆ. ಬಿಹಿನ್‌ಗೆ ಕೊಡುವ ಹೆಚ್ಚಿನ ಹಣ ಎಷ್ಟೋ ಸಲ ಅಂದಕ್ಕೆ ಕೊಡುವ ಹಣ.

ದರ್ಜೆಯ ಪಕ್ಕ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಬಿಡಬೇಡಿ. ಕಬಿ ಅಂತ ಇದ್ದರೆ ಫಂಗಸ್, ಅಂದರೆ ಬೂಷ್ಟು. ಕುಮೊರಿ ಅಂದರೆ ಒಳಗಿನ ಗಾಜಿಗೆ ಮಂಜು ಕವಿದ ಹಾಗೆ ಆಗಿದೆ. ಕಿಜು ಅಂದರೆ ಗೀರು. ಚಿರಿ, ಹೊಕೊರಿ ಅಂದರೆ ದೂಳು. ಬರುಗಿರೆ ಅಂತ ಇದ್ದರೆ ಎರಡು ಗಾಜುಗಳನ್ನು ಸೇರಿಸಿದ ಅಂಟು ಬಿಟ್ಟುಕೊಂಡಿದೆ. ದೂಳಿಗೆ ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಕಣ ಎಲ್ಲ ಲೆನ್ಸ್‌ನಲ್ಲೂ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. ಕಬಿ, ಕುಮೊರಿ, ಬರುಗಿರೆ ಮೂರರಲ್ಲಿ ಯಾವುದಿದ್ದರೂ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಕೊನೆಯದಾಗಿ ಜಂಕು. ಹಾರ್ಡ್ ಆಫ್ ಅನ್ನುವ ಮಳಿಗೆಗಳಲ್ಲಿ ಬುಟ್ಟಿಗಟ್ಟಲೆ ಲೆನ್ಸ್ ಈ ಹೆಸರಿನಲ್ಲಿ ಬಿದ್ದಿರುತ್ತವೆ. ಅದಕ್ಕೆ ಯಾವ ಭರವಸೆಯೂ ಇಲ್ಲ, ವಾಪಸ್ಸೂ ಇಲ್ಲ. ಬಿಚ್ಚಿ ಜೋಡಿಸುವ ಹವ್ಯಾಸ ಇದ್ದವರಿಗೆ ಅದು ಹಬ್ಬ.

ಚೀಟಿ ಓದಿದ ಮೇಲೆ ಲೆನ್ಸ್ ಕೈಗೆ ತಗೊಳ್ಳಿ. "ಕೊರೆ ಒ ಮಿಸೆತೆ ಕುದಾಸಾಯ್" ಅಂದರೆ ಇದನ್ನು ತೋರಿಸಿ ಅಂತ. ಮೆತ್ತನೆ ತಟ್ಟೆಯ ಮೇಲೆ ಇಟ್ಟು ತಂದುಕೊಡುತ್ತಾರೆ. ಆ ತಟ್ಟೆಯ ಮೇಲೆಯೇ ನೋಡಿ, ಎತ್ತಿಕೊಂಡು ಓಡಾಡಬೇಡಿ. ಟಾರ್ಚ್ ಬೇಕಾದರೆ ಕೇಳಿ, ಅವರ ಹತ್ತಿರವೇ ಇರುತ್ತದೆ. ಕಪಾಟಿನ ಹಿಂದೆ ನಿಂತ ಹಿರಿಯರೊಬ್ಬರು ಒಮ್ಮೆ ನಾನು ಕೇಳುವ ಮೊದಲೇ ಟಾರ್ಚ್ ಹಾಕಿ, ಒಳಗಿನ ಒಂದು ಸಣ್ಣ ಗೀರನ್ನು ತೋರಿಸಿ, ಬೆಲೆ ಕಡಿಮೆ ಇರುವುದು ಇದಕ್ಕೇ ಅಂತ ಸನ್ನೆ ಮಾಡಿದರು. ಆ ಲೆನ್ಸ್ ಇವತ್ತಿಗೂ ನನ್ನ ಹತ್ತಿರ ಇದೆ.

ಟಾರ್ಚನ್ನು ಲೆನ್ಸ್‌ನ ಹಿಂದಿನಿಂದ ಓರೆಯಾಗಿ ಹಿಡಿದು, ಮುಂದಿನಿಂದ ನೋಡಿ. ನೇರವಾಗಿ ಹಿಡಿದರೆ ಕಣ್ಣು ಕೋರೈಸುತ್ತದೆ, ಏನೂ ಕಾಣುವುದಿಲ್ಲ. ನಿಧಾನವಾಗಿ ಕೋನ ಬದಲಿಸುತ್ತಾ ಹೋಗಿ. ಬೂಷ್ಟು ಇದ್ದರೆ ಜೇಡರ ಬಲೆಯ ಎಳೆಗಳ ಹಾಗೆ, ಒಂದು ಬಿಂದುವಿನಿಂದ ಕವಲೊಡೆದು ಕಾಣುತ್ತದೆ. ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಉಳಿಯಬಹುದು. ಮಂಜು ಕವಿದಿದ್ದರೆ ಇಡೀ ಗಾಜು ತೆಳು ಹಾಲು ಸವರಿದಂತೆ ಬೆಳ್ಳಗಾಗುತ್ತದೆ. ಅಂಟು ಬಿಟ್ಟಿದ್ದರೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ. ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ನಾಚಿಕೆ ಪಡಬೇಡಿ. ನಿಮ್ಮ ಪಕ್ಕ ನಿಂತ ಗಿರಾಕಿಯೂ ಅದನ್ನೇ ಮಾಡುತ್ತಿರುತ್ತಾರೆ.

ಆಮೇಲೆ ಮೌಂಟ್‌ನ ಸ್ಕ್ರೂಗಳನ್ನು ನೋಡಿ. ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಫಿಲ್ಟರ್ ಹಾಕುವ ಅಂಚು ನಗ್ಗಿದ್ದರೆ ಬಿದ್ದಿರುತ್ತದೆ, ಅದನ್ನು ಬಿಡಿ. ಅಲ್ಲಾಡಿಸಿದಾಗ ಒಳಗೆ ಟಕ್ ಟಕ್ ಅಂತ ಸದ್ದು ಬಂದರೆ ಗಾಬರಿ ಬೇಡ. ಲೀನಿಯರ್ ಮೋಟಾರ್ ಇರುವ ಕೆಲವು ಲೆನ್ಸ್‌ಗಳಲ್ಲಿ ಕ್ಯಾಮೆರಾ ಆಫ್ ಇದ್ದಾಗ ಫೋಕಸ್ ಗಾಜುಗಳು ಸಡಿಲವಾಗಿ ಜಾರುತ್ತವೆ. ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿದರೆ ಸದ್ದು ನಿಲ್ಲಬೇಕು.

ನಿಮ್ಮ ಎ7 ಮಾರ್ಕ್ 3 ಅನ್ನು ಜೊತೆಗೇ ತಗೊಂಡು ಹೋಗಿ, ಖಾಲಿ ಕಾರ್ಡ್ ಹಾಕಿಕೊಂಡು. "ಶಶಿನ್ ಒ ತೊತ್ತೆ ಮೊ ಈ ದೆಸ್ ಕಾ" ಅಂತ ಕೇಳಿದರೆ ಫೋಟೊ ತೆಗೆಯಬಹುದಾ ಅಂತ. ಸಾಮಾನ್ಯವಾಗಿ ಒಪ್ಪುತ್ತಾರೆ. ಬೇರೆ ಗಿರಾಕಿಗಳ ಮುಖ ಮಾತ್ರ ಬರದಂತೆ ನೋಡಿಕೊಳ್ಳಿ. ಹತ್ತಿರ, ದೂರ, ಮತ್ತೆ ಹತ್ತಿರ ಅಂತ ಹತ್ತು ಸಲ ಆಟೊಫೋಕಸ್ ಮಾಡಿಸಿ. ತಡವರಿಸದೆ ಹಿಡಿಯಬೇಕು.

ಒಂದು ದೋಷ ಮಾತ್ರ ಕಪಾಟಿನ ಮುಂದೆ ನಿಂತು ಕಂಡುಹಿಡಿಯುವುದು ಕಷ್ಟ. ನಾನು ನಿಮ್ಮನ್ನು ಎರಡನೇ ದಿನವೇ ಹೋಗಿ ಅನ್ನುವುದು ಅದಕ್ಕೇ. ಲೆನ್ಸ್‌ನೊಳಗಿನ ಒಂದು ಗಾಜು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಹೊರಗಿನಿಂದ ಲೆನ್ಸ್ ಹೊಸದರ ಹಾಗಿರುತ್ತದೆ. ಚೀಟಿಯಲ್ಲಿ ಬಿಹಿನ್ ಅಂತಲೇ ಇರುತ್ತದೆ. ಡಿಸೆಂಟರಿಂಗ್ ಅನ್ನುತ್ತಾರೆ ಇದನ್ನು.

ಇದು ನನಗೆ ಆದದ್ದು. ಹಲವು ವರ್ಷ ಹಿಂದೆ ಟೋಕಿಯೊದ ಒಂದು ಅಂಗಡಿಯಲ್ಲಿ, ವಿಮಾನದ ಹಿಂದಿನ ಸಂಜೆ, ಬಾಗಿಲು ಹಾಕುವ ಹೊತ್ತಿಗೆ ಒಂದು 35 ಎಂಎಂ ತಗೊಂಡೆ. ಟಾರ್ಚ್ ಹಾಕಿ ನೋಡಿದ್ದೆ, ಗಾಜು ಕನ್ನಡಿಯ ಹಾಗಿತ್ತು. ಖುಷಿಯಿಂದ ಪ್ಯಾಕ್ ಮಾಡಿದೆ. ಮನೆಗೆ ಬಂದು ಎರಡು ವಾರ ಆದಮೇಲೆ ಒಂದು ಗುಂಪಿನ ಫೋಟೊ ತೆಗೆದೆ. ಎಡಕ್ಕೆ ನಿಂತವರ ರೆಪ್ಪೆ ಎಣಿಸಬಹುದಿತ್ತು, ಬಲಕ್ಕೆ ನಿಂತವರ ಮುಖ ಒದ್ದೆ ಕೈಯಲ್ಲಿ ಸವರಿದಂತೆ. ಅಂಗಡಿಯ ಆರು ತಿಂಗಳ ಗ್ಯಾರಂಟಿ ಇತ್ತು. ಆದರೆ ಲೆನ್ಸನ್ನು ಆ ಅಂಗಡಿಗೆ ತಲುಪಿಸುವುದು ನನ್ನ ಖರ್ಚು, ಮತ್ತೆ ಒಳಗೆ ತರುವಾಗ ಕಸ್ಟಮ್ಸ್ ಜೊತೆ ಇನ್ನೊಂದು ಸುತ್ತು. ಬಿಟ್ಟುಬಿಟ್ಟೆ. ಮೂರು ದಿನ ಮುಂಚೆ ತಗೊಂಡಿದ್ದರೆ ನಡೆದುಕೊಂಡು ಹೋಗಿ ಬದಲಾಯಿಸಿಕೊಂಡು ಬರುತ್ತಿದ್ದೆ.

ಪರೀಕ್ಷೆ ಸುಲಭ. ರಾತ್ರಿ ಹೋಟೆಲ್ ಕೋಣೆಯಲ್ಲೇ ಮಾಡಬಹುದು. ಸಣ್ಣ ಅಕ್ಷರಗಳಿರುವ ಒಂದು ಕಾಗದವನ್ನು ಗೋಡೆಗೆ ಅಂಟಿಸಿ, ಚೆನ್ನಾಗಿ ಬೆಳಕು ಬೀಳಲಿ. ಕ್ಯಾಮೆರಾವನ್ನು ಮೇಜಿನ ಮೇಲೆ ಭದ್ರವಾಗಿಡಿ. ಅಪರ್ಚರ್ ಪೂರ್ತಿ ತೆರೆಯಿರಿ, ಅಂದರೆ ಎಫ್ ಸಂಖ್ಯೆ ಆದಷ್ಟು ಚಿಕ್ಕದಿರಲಿ. ಮೊದಲು ಕಾಗದವನ್ನು ಫ್ರೇಮಿನ ನಡುವೆ ಇಟ್ಟು ತೆಗೆಯಿರಿ. ಆಮೇಲೆ ಕ್ಯಾಮೆರಾ ತಿರುಗಿಸಿ ಅದೇ ಕಾಗದ ಎಡ ಮೇಲ್ಮೂಲೆಗೆ, ಬಲ ಮೇಲ್ಮೂಲೆಗೆ, ಕೆಳಗಿನ ಎರಡು ಮೂಲೆಗೆ ಬರುವಂತೆ ಮಾಡಿ. ಪ್ರತಿ ಸಲವೂ ಕಾಗದದ ಮೇಲೇ ಹೊಸದಾಗಿ ಫೋಕಸ್ ಮಾಡಬೇಕು, ಅದು ಮುಖ್ಯ. ಎಲ್ಲವನ್ನೂ ಪೂರ್ತಿ ಹಿಗ್ಗಿಸಿ ನೋಡಿ. ಮೂಲೆಗಳು ನಡುವಿಗಿಂತ ಸ್ವಲ್ಪ ಮೆತ್ತಗಿರುವುದು ಸಹಜ. ಆದರೆ ನಾಲ್ಕು ಮೂಲೆಗಳೂ ಒಂದೇ ಮಟ್ಟದಲ್ಲಿ ಇರಬೇಕು. ಒಂದು ಮೂಲೆ ಅಥವಾ ಒಂದು ಬದಿ ಮಾತ್ರ ಎದ್ದು ಕಾಣುವಷ್ಟು ಮಸುಕಾಗಿದ್ದರೆ ಮರುದಿನ ಬೆಳಿಗ್ಗೆ ಬಿಲ್, ಪೆಟ್ಟಿಗೆ, ಈ ಚಿತ್ರಗಳ ಜೊತೆ ಅಂಗಡಿಗೆ ಹೋಗಿ. ಮನಸ್ಸು ಬದಲಾಯಿತು ಅಂದರೆ ಕೇಳದವರು ದೋಷ ತೋರಿಸಿದರೆ ಕೇಳುತ್ತಾರೆ. ಈ ಪರೀಕ್ಷೆಯನ್ನು ಹೊಸ ಲೆನ್ಸ್‌ಗೂ ಮಾಡಿ. ಕಾರ್ಖಾನೆಯಿಂದಲೇ ಹೀಗೆ ಬರುವುದೂ ಉಂಟು.

ಬೇಗ ತಗೊಳ್ಳುವುದರಲ್ಲಿ ಇನ್ನೊಂದು ಸಂತೋಷ ಇದೆಯಲ್ವಾ. ಕ್ಯೋಟೊದ ಓಣಿಗಳಲ್ಲಿ, ಒಸಾಕಾದ ರಾತ್ರಿ ದೀಪಗಳಲ್ಲಿ ಆ ಲೆನ್ಸೇ ನಿಮ್ಮ ಕೈಯಲ್ಲಿರುತ್ತದೆ. ಎಂಟು ದಿನ ಬಳಸಿದ ಲೆನ್ಸ್‌ನಲ್ಲಿ ದೋಷ ಇದ್ದರೆ ಅದು ಅಡಗಿ ಕೂರಲಾರದು.

ತೆರಿಗೆಯ ವಿಷಯಕ್ಕೆ ಬರೋಣ. ಇಲ್ಲಿ ನಿಯಮ ಬದಲಾಗುತ್ತಿದೆ, ನೀವು ಹೋಗುವ ದಿನಾಂಕ ನೋಡಿಕೊಳ್ಳಿ. ಜಪಾನ್‌ನ ಬಳಕೆ ತೆರಿಗೆ 2019ರ ಅಕ್ಟೋಬರ್‌ನಿಂದ ಶೇಕಡಾ 10. ಅಲ್ಪಾವಧಿಗೆ ಬಂದ ಪ್ರವಾಸಿಗರು ಪರವಾನಗಿ ಇರುವ ಅಂಗಡಿಯಲ್ಲಿ ಒಂದೇ ದಿನ, ತೆರಿಗೆ ಸೇರಿಸದ ಬೆಲೆಯಲ್ಲಿ, 5,000 ಯೆನ್ ಅಥವಾ ಹೆಚ್ಚು ಖರೀದಿ ಮಾಡಿದರೆ ಈ ತೆರಿಗೆ ಕಟ್ಟಬೇಕಾಗಿಲ್ಲ. 2026ರ ಅಕ್ಟೋಬರ್ 31ರವರೆಗೆ ಅಂಗಡಿಯಲ್ಲೇ ತೆರಿಗೆ ಕಳೆದು ಬಿಲ್ ಮಾಡುತ್ತಾರೆ. 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಸೇರಿಸಿ ಪೂರ್ತಿ ಹಣ ಕೊಡಬೇಕು. ಖರೀದಿಸಿ 90 ದಿನದೊಳಗೆ ದೇಶ ಬಿಡುವಾಗ ಕಸ್ಟಮ್ಸ್ ಖಚಿತಪಡಿಸಿದ ಮೇಲೆ ತೆರಿಗೆ ಹಣ ವಾಪಸ್ ಬರುತ್ತದೆ. ಆಗ ವಿಮಾನ ನಿಲ್ದಾಣಕ್ಕೆ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೋಗಿ, ಲೆನ್ಸನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ತೋರಿಸು ಅಂದರೆ ತೋರಿಸಬೇಕಾಗುತ್ತದೆ.

ಎರಡೂ ಪದ್ಧತಿಯಲ್ಲಿ ಪಾಸ್‌ಪೋರ್ಟ್ ಬೇಕೇ ಬೇಕು. ಫೋಟೊ, ಜೆರಾಕ್ಸ್ ನಡೆಯುವುದಿಲ್ಲ. ಹೋಟೆಲಿನಲ್ಲಿ ಬಿಟ್ಟು ಹೋಗಿ ಅರ್ಧ ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ತೆರಿಗೆ ಬಿಟ್ಟು ಕೊಟ್ಟ ಲೆನ್ಸನ್ನು ಜಪಾನ್‌ನಲ್ಲೇ ಬಳಸಬಹುದಾ ಅಂತ ಹಲವರು ಕೇಳುತ್ತಾರೆ. ಬಳಸಬಹುದು. ಅಲ್ಲಿ ಯಾರಿಗೂ ಕೊಡಬಾರದು, ಮಾರಬಾರದು, ಹೊರಡುವಾಗ ನಿಮ್ಮ ಜೊತೆ ಇರಬೇಕು, ಅಷ್ಟೇ.

ಲೆಕ್ಕ ಹಾಕುವಾಗ ಒಂದು ಸಣ್ಣ ತಪ್ಪು ಎಲ್ಲರೂ ಮಾಡುತ್ತಾರೆ, ಚೀಟಿಯ ಬೆಲೆಯಲ್ಲೇ ಶೇಕಡಾ 10 ಕಳೆದುಬಿಡುತ್ತಾರೆ. 2021ರ ಏಪ್ರಿಲ್‌ನಿಂದ ಅಲ್ಲಿ ತೆರಿಗೆ ಸೇರಿದ ಬೆಲೆಯನ್ನು ತೋರಿಸುವುದು ಕಡ್ಡಾಯ. ಚೀಟಿಯಲ್ಲಿ 1,10,000 ಯೆನ್ ಇದ್ದರೆ ತೆರಿಗೆ ಹೋಗಿ 1,00,000 ಆಗುತ್ತದೆ. ಅಂದರೆ ಚೀಟಿಯ ಬೆಲೆಯ ಹನ್ನೊಂದನೇ ಒಂದು ಭಾಗ, ಶೇಕಡಾ 9ರ ಆಸುಪಾಸು. ಎಲ್ಲ ಸೆಕೆಂಡ್‌ಹ್ಯಾಂಡ್ ಅಂಗಡಿಗೂ ಈ ಪರವಾನಗಿ ಇರುವುದಿಲ್ಲ. "ಮೆನ್ಜೇ" ಅಂತ ಕೇಳಿ, ಅಂದರೆ ತೆರಿಗೆ ವಿನಾಯಿತಿ. ದೊಡ್ಡ ಅಂಗಡಿಗಳಲ್ಲಿ ಪಾಸ್‌ಪೋರ್ಟ್ ಜೊತೆ ಕೆಲವು ಕಾರ್ಡ್‌ಗಳಿಗೆ ಇನ್ನಷ್ಟು ರಿಯಾಯಿತಿ ಇರುವುದುಂಟು, ಕೌಂಟರ್‌ನಲ್ಲಿ ವಿಚಾರಿಸಿ. ಕಾರ್ಡ್ ಉಜ್ಜುವಾಗ ಯಂತ್ರ ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಯೆನ್ ಒತ್ತಿ. ಅಲ್ಲಿ ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದು.

ಲೆನ್ಸ್ ಜೊತೆಗೆ ಇನ್ನೇನಾದರೂ ಕಣ್ಣಿಗೆ ಬೀಳುತ್ತದೆ, ಬೀಳದೇ ಇರದು. ಒಳ್ಳೆಯ ಫಿಲ್ಟರ್, ಚೀಲ, ಬೆಲ್ಟ್ ಧಾರಾಳವಾಗಿ ತಗೊಳ್ಳಿ. ಗೋಡೆಗೆ ಸಿಕ್ಕಿಸುವ ಸಾಮಾನಿನಲ್ಲಿ ಮಾತ್ರ ಹುಷಾರು. ಜಪಾನ್‌ನ ಕರೆಂಟು 100 ವೋಲ್ಟ್. ಕ್ಯಾಮೆರಾ ಬ್ಯಾಟರಿ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 100-240 ಅಂತ ಇರುತ್ತದೆ, ಪಿನ್ ಬದಲಿಸಿದರೆ ಆಯಿತು. ಆದರೆ ಸ್ಟುಡಿಯೊ ಫ್ಲ್ಯಾಶ್, ಲೆನ್ಸ್ ಇಡುವ ತೇವರಹಿತ ಕಪಾಟು ಇಂಥವು ಬರೀ 100 ವೋಲ್ಟ್‌ಗೆ ಮಾಡಿದ್ದಾಗಿರಬಹುದು. 230 ವೋಲ್ಟ್ ಇರುವ ಕಡೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹಿಂಬದಿಯ ಚೀಟಿ ಓದಿ.

ಹಳೆಯ ಮ್ಯಾನುಯಲ್ ಲೆನ್ಸ್‌ಗಳ ಕಪಾಟಿನ ಮುಂದೆ ನೀವು ನಿಂತುಬಿಡಬಹುದು. ನಿಂತರೆ ತಪ್ಪೇನಿಲ್ಲ. ನಿಮ್ಮ ಸೋನಿ ಮೌಂಟ್‌ನಿಂದ ಸೆನ್ಸರ್‌ಗೆ ಇರುವ ದೂರ ಬರೀ 18 ಎಂಎಂ. ಹಳೆಯ ನಿಕಾನ್ ಎಫ್ ಲೆನ್ಸ್‌ಗೆ ಬೇಕಾದದ್ದು 46.5 ಎಂಎಂ. ನಡುವಿನ ಜಾಗದಲ್ಲಿ ಒಂದು ಸಾದಾ ಅಡಾಪ್ಟರ್ ಕೂರುತ್ತದೆ, ಗಾಜಿನ ಅಗತ್ಯವೇ ಇಲ್ಲ. ಹಾಗಾಗಿ ಹಳೆಯ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್‌ಗಳು ಹೆಚ್ಚುಕಡಿಮೆ ಎಲ್ಲವೂ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತವೆ. ಪೆಂಟಾಕ್ಸ್‌ನ ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4ರ ಗಾಜು ಹಳದಿಯಾಗಿ ಕಂಡರೆ ಕೊಳೆ ಅಂದುಕೊಳ್ಳಬೇಡಿ. ಅದರ ಒಂದು ಗಾಜಿನಲ್ಲಿ ಥೋರಿಯಂ ಅನ್ನುವ ವಿಕಿರಣಶೀಲ ಧಾತು ಇದೆ, ವರ್ಷಗಳು ಕಳೆದಂತೆ ಅದರಿಂದ ಹಳದಿಯಾಗುತ್ತದೆ. ಅತಿನೇರಳೆ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ. ಆದರೆ ಮೊದಲು 85 ತಗೊಂಡು, ಪರೀಕ್ಷೆ ಮುಗಿಸಿ, ಆಮೇಲೆ ಈ ಕಪಾಟಿಗೆ ಬನ್ನಿ.

ಮನೆಯಿಂದ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಈಗಿರುವ ಬಾಡಿ ಮತ್ತು ಲೆನ್ಸ್‌ನ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದು, ಹಳೆಯ ಬಿಲ್ ಜೊತೆ ಫೋನಿನಲ್ಲಿ ಇಟ್ಟುಕೊಳ್ಳಿ. ವಾಪಸ್ ಬಂದಾಗ ಅವೂ ಜಪಾನ್‌ನಲ್ಲಿ ಕೊಂಡದ್ದಾ ಅಂತ ಕಸ್ಟಮ್ಸ್‌ನವರು ಕೇಳಿದರೆ ತೋರಿಸಲು ಬೇಕು. ಹೊಸ ಲೆನ್ಸ್‌ಗೆ ನಿಮ್ಮ ದೇಶದಲ್ಲಿ ಸುಂಕ ಎಷ್ಟು, ಎಷ್ಟರವರೆಗೆ ವಿನಾಯಿತಿ ಅನ್ನುವುದನ್ನು ಈಗಲೇ ನೋಡಿಕೊಂಡು ಆ ಮೊತ್ತವನ್ನೂ ಸೇರಿಸಿ ಬೆಲೆ ಹೋಲಿಸಿ. ಜಪಾನ್ ತೆರಿಗೆ ಬಿಟ್ಟಿತು ಅಂದರೆ ನಿಮ್ಮ ದೇಶವೂ ಬಿಟ್ಟಿತು ಅಂತಲ್ಲ. ಬಿಲ್ ಎಸೆಯಬೇಡಿ, ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಹೆಚ್ಚಿನ ಬ್ಯಾಟರಿಗಳನ್ನು ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ ಕೈಚೀಲದಲ್ಲೇ ಒಯ್ಯಬೇಕು. ನಿಮ್ಮ ಕ್ಯಾಮೆರಾದ ಎನ್‌ಪಿ-ಎಫ್‌ಜೆಡ್100 ಬ್ಯಾಟರಿ 16.4 ವ್ಯಾಟ್ ಅವರ್‌ನದು, ವಿಮಾನದಲ್ಲಿ ಒಯ್ಯಲು ಇರುವ 100ರ ಮಿತಿಗೆ ತುಂಬ ಕೆಳಗೆ. ತುದಿಗಳು ಲೋಹಕ್ಕೆ ತಾಗದಂತೆ ಮುಚ್ಚಳ ಹಾಕಿದರೆ ಸಾಕು. ಲೆನ್ಸ್ ಕೂಡ ಅದೇ ಚೀಲದಲ್ಲಿ ಇರಲಿ. ಪೆಟ್ಟಿಗೆ ದೊಡ್ಡದಾಯಿತು ಅನಿಸಿದರೆ ಖಾಲಿ ಪೆಟ್ಟಿಗೆಯನ್ನು ಮಾತ್ರ ಸೂಟ್‌ಕೇಸಿಗೆ ಹಾಕಿ. ಮುಂದೆ ಎಂದಾದರೂ ಮಾರುವಾಗ ಆ ಪೆಟ್ಟಿಗೆಗೂ ಬೆಲೆ ಇದೆ.